ಚಿಲಕದ ಹಾಡು

‘ಚಿಲಕ ಸರಿಸೇ ಗೆಳತಿ’ ಎಂಬ ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಸಭಾಂಗಣದ ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಆ ಹಾಡು ಕಟ್ಟಿ ಹಾಡಿದವರ ಹೆಂಡತಿ ಮಾತ್ರ ಕೈಕಟ್ಟಿ ಕುಳಿತಿದ್ದರು. ಗಂಡ ತೀರಿಕೊಂಡ ಮೇಲೆ ಇಂಥ ನೆನಪಿನ ಗಾಯನಗಳು ಬೇಕಾದಷ್ಟು ನಡೆದಿದ್ದವು. ಪ್ರತಿ ಸಲವೂ ಆ ಚಿಲಕಕ್ಕೆ ಹೊಸದೊಂದು ಅರ್ಥ ಹುಟ್ಟುತ್ತಿತ್ತು. ಈ ಸಲದ ಏರ್ಪಾಡು ಮಗಳದೇ. ಅಪ್ಪನೆಂದರೆ ಅವಳಿಗೆ ಪ್ರಾಣ. ವೇದಿಕೆಯ ಹಿಂದೆ ಅಪ್ಪನ ಆಳೆತ್ತರದ ಚಿತ್ರ ನಿಲ್ಲಿಸಿ, ತಲೆಯ ಸುತ್ತ ಬೆಳಕಿನ ವೃತ್ತವನ್ನೂ ಬರೆಸಿದ್ದಳು.

ಹಾಡು ಮುಗಿದಾಗ ಭಾಷಣಕ್ಕೆ ಬಂದಿದ್ದ ಪ್ರೊಫೆಸರರು ಎದ್ದರು. “ಚಿಲಕವೆಂದರೆ ಅಹಂಕಾರ. ಹೊರಗೆ ನಿಂತಿರುವುದು ಆತ್ಮ. ಒಳಗಿರುವ ಆ ಗೆಳತಿಯೋ, ಸಾಕ್ಷಾತ್ ದೇವರು!”

ಮುಂದಿನ ಸಾಲಿನಲ್ಲಿದ್ದ ಆ ದೇವರಿಗೆ ಕುಳಿತು ಕುಳಿತು ಮಂಡಿ ಹಿಡಿದುಕೊಂಡಿತ್ತು. ಅಷ್ಟರಲ್ಲಿ ನಿರೂಪಕ ಅವರ ಹೆಸರನ್ನೇ ಕೂಗಿದ.

“ಎರಡು ಮಾತು ಸಾಕಮ್ಮಾ,” ಮಗಳು ಪಿಸುಗುಟ್ಟಿದಳು. “ದೊಡ್ಡ ಮನುಷ್ಯರು, ಅವರ ಜೊತೆ ಬಾಳಿದ್ದು ನನ್ನ ಪುಣ್ಯ, ಅಂದ್ಬಿಟ್ಟು ಇಳಿದು ಬಾ.”

ಇಷ್ಟು ವರ್ಷವೂ ಅಷ್ಟನ್ನೇ ಹೇಳಿ ಇಳಿದು ಬಂದಿದ್ದರು. ಇವತ್ತು ಮೈಕಿನ ಮುಂದೆ ನಿಂತರೆ ಆ ಮಾತು ಬೇಡವೆನಿಸಿತು.

“ದೇವರೂ ಇಲ್ಲ, ದಿಂಡರೂ ಇಲ್ಲ,” ಎಂದರು. “ಚಿಲಕ ಹಾಕಿದ್ದು ನಾನು. ಮಗೂಗೆ ಜ್ವರ, ಮೈ ಕೆಂಡದ ಹಾಗೆ ಸುಡ್ತಿತ್ತು. ಔಷಧಿ ತರ್ತೀನಿ ಅಂತ ಹೋದೋರು ಮೂರನೇ ದಿನ ಬಂದ್ರು. ಕೈಯಲ್ಲಿ ಗಿಟಾರು, ಹಿಂದೆ ಗೆಳೆಯರ ದಂಡು. ಔಷಧಿ ಎಲ್ರೀ ಅಂತ ಕಿಟಕೀಲಿ ಕೇಳಿದೆ. ‘ದಾರೀಲಿ ಒಂದು ಒಳ್ಳೇ ಧಾಟಿ ಹೊಳೀತು ಕಣೇ’ ಅಂದ್ರು. ಕಿಟಕೀನೂ ಹಾಕ್ಕೊಂಡೆ. ಪಕ್ಕದ ಮನೆಯೋರು ಹಿತ್ತಲ ಕಡೆಯಿಂದ ಔಷಧಿ ತಂದುಕೊಟ್ರು. ಇವರು ಮುಂದಿನ ಮೆಟ್ಟಿಲ ಮೇಲೆ ಕೂತು ಹಾಡು ಕಟ್ಟಿದ್ರು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದೇ ನೆಪವಾಗಿ ಸಭೆಗೆ ಸಭೆಯೇ ನಕ್ಕು ಚಪ್ಪಾಳೆ ತಟ್ಟಿತು.

“ಎಂಥಾ ಹಾಸ್ಯಪ್ರಜ್ಞೆ! ಎಂಥಾ ವಿನಯ!” ಎಂದು ನಿರೂಪಕ ಅವರ ಕೈಗೆ ಹೂಗುಚ್ಛ ತುರುಕಿದ. ಪ್ರೊಫೆಸರರು ಮೈಕು ಎಳೆದುಕೊಂಡರು. “ಗಮನಿಸಿ, ಜ್ವರ ಅಂದರು! ಜ್ವರವೆಂದರೆ ಲೋಕದ ತಾಪ. ಇದು ಇಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.” ಜನ ಎದ್ದು ನಿಂತು ಮತ್ತೆ ಅದೇ ಹಾಡು ಬೇಕೆಂದರು. ಮೊದಲು ಹಾಡಿದ್ದ ಯುವ ಗಾಯಕ ಎದೆಯ ಮೇಲೆ ಕೈಯಿಟ್ಟು ಶುರುಮಾಡಿದ. ಇಡೀ ಸಭಾಂಗಣ ದನಿಗೂಡಿಸಿತು.

ತಾಯಿ ಬಂದು ಕುಳಿತಾಗ ಕುರ್ಚಿ ಬಿಟ್ಟೇಳದೆ ಇದ್ದವಳು ಮಗಳೊಬ್ಬಳೇ.

“ಆ ಮಗು ನಾನಾ ಅಮ್ಮಾ?”

“ಇನ್ಯಾರೇ? ನನಗಿರೋದು ನೀನೊಬ್ಳೇ ಅಲ್ವಾ.”

“ಅಪ್ಪ ಒಂದು ದಿನಾನೂ ಹೇಳ್ಲಿಲ್ಲ.”

“ಅವರಿಗೆ ಹಾಡು ನೆನಪಿತ್ತು ಕಣೆ.”

ಸುತ್ತಲೂ ನೂರಾರು ಜನ ಕಣ್ಣುಮುಚ್ಚಿ, ಚಿಲಕ ಸರಿಸೆಂದು ಅಂಗಲಾಚುತ್ತಿದ್ದರು. ಆ ಗದ್ದಲದಲ್ಲಿ ಮಗಳು ತಾಯಿಯ ಕಿವಿಗೆ ಬಾಯಿಟ್ಟು ಕೇಳಿದಳು: “ಕೊನೆಗೆ ಯಾವಾಗ ತೆಗೆದೆ?”

“ನಿನ್ನ ಜ್ವರ ಇಳಿದ ಮೇಲೆ.”