ಒಬಿಡಿಯಂಟ್ ಎಂದು ಬರೆಸಿಕೊಂಡ ಹುಡುಗಿ

ಗದಗ ಕಡೆಯ ಒಂದು ಹೈಸ್ಕೂಲು. ಇಂಗ್ಲಿಷ್ ಕಲಿಸುವ ಅನಸೂಯಾ ಟೀಚರ್‌ಗೆ ಇಪ್ಪತ್ತಾರು ವರ್ಷದ ಸರ್ವಿಸ್...

ಐವತ್ತೆಂಟು ಪ್ರೋಗ್ರೆಸ್ ಕಾರ್ಡ್ ಬರೆದು ಅವರ ಸೊಂಟ ಬಿದ್ದುಹೋಗಿತ್ತು.

ಕೊನೆಯ ಕಾಲಂ "ನಡತೆ". ಅಲ್ಲಿ ಒಂದು ಇಂಗ್ಲಿಷ್ ಪದ ಬರೆಯುವುದು ಆ ಶಾಲೆಯ ರೂಢಿ.

ಗಲಾಟೆ ಮಾಡದ ಮಕ್ಕಳಿಗೆಲ್ಲ ಟೀಚರ್ ಬರೆಯುತ್ತಿದ್ದದ್ದು ಒಂದೇ... ಒಬಿಡಿಯಂಟ್. ಪ್ರತಿಯೊಬ್ಬರ ಬಗ್ಗೆ ಕೂತು ಯೋಚಿಸುವಷ್ಟು ತ್ರಾಣ ಯಾರಿಗಿದೆ ಹೇಳಿ?

ಮರುದಿನ ಒಂಬತ್ತನೇ ಕ್ಲಾಸಿನ ದಾಕ್ಷಾಯಣಿಯ ತಾಯಿ ನೀಲವ್ವ ಕಾರ್ಡ್ ಹಿಡಿದು ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು.

"ಟೀಚರ್, ಈ ಕಡೀ ಪದ ಏನ್ರಿ?"

"ನಿಮ್ಮ ಮಗಳು ಹೇಳಿದ್ದು ಕೇಳ್ತಾಳ ಅಂತ. ಒಳ್ಳೇ ಮಾತು ಬರದೀನಿ."

ನೀಲವ್ವ ಕಾರ್ಡನ್ನು ಟೇಬಲ್ ಮೇಲೆ ಇಟ್ಟಳು.

"ಖರೇನ ರೀ. ಎತ್ತರ ಇದ್ದವರು ಹಿಂದ ಕುಂಡ್ರರಿ ಅಂದಿದ್ರಂತ ನೀವು. ಎರಡು ವರ್ಷ ಅಲ್ಲೇ ಕುಂತಾಳ. ನಿನ್ನಿ ಸೂಜಿಗೆ ದಾರ ಪೋಣಸು ಅಂದೆ... ಆಗಲಿಲ್ಲ. ಕೇಳಿದ್ರ, ಬೋರ್ಡೂ ಕಾಣಂಗಿಲ್ಲ ಅಂದ್ಲು! ಇಷ್ಟು ದಿನ ಯಾಕ ಹೇಳಲಿಲ್ಲ ಅಂದ್ರ, ಟೀಚರ್ ಸಿಟ್ಟಾಗ್ತಾರ ಅಂತಾಳ."

ಟೀಚರ್ ಕಾರ್ಡ್ ಎಳೆದುಕೊಂಡು ಮಾರ್ಕ್ಸ್ ನೋಡಿದರು.

"ಮಾರ್ಕ್ಸ್ ಕಮ್ಮಿ ಬಂದಾವು. ತಲಿಗೆ ಹತ್ತಂಗಿಲ್ಲ, ಈ ವರ್ಷಕ್ಕ ಶಾಲಿ ಸಾಕು ಅಂತ ಅವರಪ್ಪ ಕುಂತಾನ್ರಿ..."

ಟೀಚರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

ಒಬಿಡಿಯಂಟ್ ಅಂದರೆ ಮನಸ್ಸಾರೆ ಒಪ್ಪಿ ಮಾತು ಕೇಳುವವಳು. ಡೋಸೈಲ್ ಅಂದರೆ ತಿರುಗಿಸಿದ ಕಡೆ ಸುಲಭವಾಗಿ ತಿರುಗುವ ಸಾಧು ಸ್ವಭಾವದವಳು. ಸಬ್‌ಮಿಸಿವ್ ಅಂದರೆ ಎದುರು ಮಾತಾಡುವ ಧೈರ್ಯವಿಲ್ಲದೆ ತಲೆ ತಗ್ಗಿಸುವವಳು...

ಪ್ರತಿ ವರ್ಷ ಇದನ್ನೇ ಪಾಠ ಮಾಡಿದವರು ಅವರು! ಕಾರ್ಡ್ ಬರೆಯುವಾಗ ಮಾತ್ರ ಹೆದರಿಕೆಗೂ ಅದೇ ಹೊಗಳಿಕೆಯ ಪದ ಬರೆದುಬಿಟ್ಟಿದ್ದರು.

"ನೀಲವ್ವ, ಸಂಜೀಗೆ ನಾನ ನಿಮ್ಮನಿಗೆ ಬರ್ತೀನಿ. ತಪ್ಪು ನಂದು, ಹುಡುಗೀದಲ್ಲ ಅಂತ ನಿಮ್ಮ ಯಜಮಾನ್ರಿಗೆ ಹೇಳ್ತೀನಿ. ನಾಳೆ ಕಣ್ಣಿನ ಡಾಕ್ಟರ್ ಹತ್ರ ಕರಕೊಂಡು ಹೋಗೂಣು."

ಹಾಗೆಯೇ ಕ್ಲಾಸಿಗೆ ನಡೆದರು. ಹಿಂದಿನ ಬೆಂಚಿನ ಹತ್ತಿರ ಹೋಗಿ ನಿಂತರು. ದಾಕ್ಷಾಯಣಿ ಗಾಬರಿಯಿಂದ ಎದ್ದು ನಿಂತಳು.

"ನನ್ನ ಮ್ಯಾಲೆ ಸಿಟ್ಟು ಮಾಡ್ಕೋಬ್ಯಾಡವಾ... ಬಾ, ಇವತ್ತಿಂದ ಮೊದಲನೇ ಬೆಂಚಿನ ನಡುವ ಕುಂಡ್ರು."

ಹುಡುಗಿ ಬ್ಯಾಗು ಎತ್ತಿಕೊಂಡಳು. ಎರಡು ಹೆಜ್ಜೆ ಇಟ್ಟಳು. ನಿಂತಳು... ಮೊದಲನೇ ಬೆಂಚಿನ ಗೋಡೆ ಕಡೆಯ ತುದಿಗೆ ಕೈ ತೋರಿಸಿದಳು.

"ಬ್ಯಾಡ್ರಿ ಟೀಚರ್... ನಾ ಎತ್ತರ ಅದೀನಿ. ನಡುವ ಕುಂತ್ರ ಹಿಂದಿನವರಿಗೆ ಬೋರ್ಡ್ ಕಾಣಂಗಿಲ್ಲ. ಗ್ವಾಡಿ ಕಡೆ ತುದಿಗೆ ಕುಂಡ್ರತೀನಿ."

ಎರಡು ವರ್ಷದಲ್ಲಿ ಅವಳು ಟೀಚರ್‌ಗೆ ಹೇಳಿದ ಮೊದಲ "ಬ್ಯಾಡ" ಅದು.

ಅನಸೂಯಾ ಟೀಚರ್ ಅವಳನ್ನು ತಬ್ಬಿಕೊಂಡು, ಇಡೀ ಕ್ಲಾಸಿನ ಮುಂದೆ ಅತ್ತುಬಿಟ್ಟರು.

*

*ಬೇಡ ಎನ್ನುವ ಧೈರ್ಯ ಇದ್ದವರು "ಹೂಂ" ಅಂದಾಗ ಮಾತ್ರ ಅದು ವಿಧೇಯತೆ.*

ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ ಎಲ್ಲದಕ್ಕೂ ತಲೆಯಾಡಿಸುವ ಆ ಒಬ್ಬರು... ನಿಜವಾಗಿ ಒಪ್ಪಿದ್ದಾರೋ, ನಿಮಗೆ ಹೆದರಿದ್ದಾರೋ? ಒಮ್ಮೆಯಾದರೂ ಕೇಳಿದ್ದೀರಾ?