ಸಾಹೇಬರನ್ನು ಏನೆಂದು ಕರೆಯಲಿ?

ಅರ್ಜಿಯಲ್ಲಿ ಏನೆಂದು ಕರೆದರೆ, ಓದಿದ ಅಧಿಕಾರಿ ಸಂಜೆಯವರೆಗೆ ಅದೇ ಆಗಿಬಿಡುವ ಕಾಲವದು. ತೀರಿಹೋದ ಅಪ್ಪನ ಮನೆಯನ್ನು ತನ್ನ ಹೆಸರಿಗೆ ಮಾಡಿಸಲು ಒಬ್ಬಳೇ ಮಗಳು ನೀಲವ್ವ ಪುರಸಭೆಗೆ ಬಂದಿದ್ದಳು.

“‘ಪೂಜ್ಯರೇ’ ಅಂತ ಬರೀಲೇನ್ರೀ?”

“ಬ್ಯಾಡ್ರೀ ಯವ್ವಾ,” ಎಂದ ಗುಮಾಸ್ತ ಫಕೀರಪ್ಪ. “ನಿನ್ನೆ ಯಾರೋ ಹಂಗ ಬರದ್ರು, ಸಾಹೇಬ್ರು ಕಣ್ಣು ಮುಚ್ಚಿ ಕುಂತುಬಿಟ್ರು. ಸಂಜಿತನಕಾ ಬರೇ ಮಂಗಳಾರತಿ, ಒಂದ್ ಸಹಿ ಇಲ್ಲ.”

“ಹಂಗಾರ ‘ಮಾನ್ಯರೇ’?”

“ಅದು ಮೊನ್ನೆ ಆತು. ಶಾಲು, ಹಾರ ಬರೋತನಕಾ ಪೆನ್ನೇ ಮುಟ್ಟಲಿಲ್ಲ.”

ನೀಲವ್ವ ಯೋಚಿಸಿ, ‘ಪ್ರೀತಿಯ ಅಣ್ಣನವರೇ’ ಎಂದು ಬರೆದುಕೊಟ್ಟಳು. ಓದುತ್ತಲೇ ಸಾಹೇಬರ ಕಣ್ಣು ತುಂಬಿತು. ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು, ಪೆನ್ನೂ ತೆಗೆದರು. ಸಹಿ ಹಾಕುವ ಮೊದಲು ಮೆಲ್ಲಗೆ ಕೇಳಿದರು:

“ತಂಗೀ, ಅಪ್ಪನ ಮನ್ಯಾಗ ನನ್ನ ಪಾಲು ಎಲ್ಲೈತಿ?”