ಹೋದವರ ದನಿ

"ಬಂದ್ಯಾ?"

ಕಂಪ್ಯೂಟರ್ ಚಾಲೂ ಆದ ಕೂಡಲೇ ಗಂಡಸಿನ ದನಿಯೊಂದು ಕೇಳಿತು. ರಿಪೇರಿಯವನ ಕೈ ಕೀಲಿಮಣೆಯ ಮೇಲೇ ನಿಂತಿತು. ಹಿಂದೆ ನಿಂತಿದ್ದ ಹೆಂಗಸು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಳು.

"ನಮ್ಮ ಯಜಮಾನರದ್ದು. ಆನ್ ಮಾಡಿದಾಗೆಲ್ಲ ಹೀಗೇ ಕೇಳುತ್ತೆ. ಆ ದನಿ ಕಿವಿಗೆ ಬಿದ್ರೆ ಇವತ್ತಿಗೂ ನನ್ನ ಕೈಕಾಲು ಆಡೋದಿಲ್ಲ."

ಅವನು ಸುತ್ತ ಕಣ್ಣಾಡಿಸಿದ. ಬಾಡಿಗೆಗೆ ಬಂದು ವಾರವೂ ಆಗಿರದ ಮನೆ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಗೋಡೆಯ ಮೇಲೆ ಒಂದು ಫೋಟೋ ಇಲ್ಲ. ಹಾಡುಹಗಲಲ್ಲೇ ಪರದೆ ಎಳೆದಿತ್ತು. ಪಾಪ, ದುಃಖ ಇನ್ನೂ ಹಸಿಯಾಗಿದೆ ಎಂದುಕೊಂಡ.

"ಅನುವಾದದ ಫೋಲ್ಡರ್ ಒಂದು ಉಳಿಸಿಕೊಡಿ, ನನ್ನ ಅನ್ನ ಅದು. ಮಿಕ್ಕಿದ್ದೆಲ್ಲ ಅಳಿಸಿ, ಲಿನಕ್ಸ್ ಸಿಸ್ಟಮ್ ಹೊಸದಾಗಿ ಹಾಕಿ. ನೆಟ್ ವೈರು ಮಾತ್ರ ಈಗ ಬೇಡ."

"ಎಲ್ಲದರದ್ದೂ ಒಂದು ಕಾಪಿ ಇಟ್ಕೊಳ್ಳಿ ಅಕ್ಕಾ. ಆಮೇಲೆ ಬೇಕು ಅಂದ್ರೆ ಸಿಗಲ್ಲ."

"ಅವರದ್ದು ಒಂದು ಚೂರೂ ಬೇಡ," ಎಂದವಳೇ ಚಹಾ ಮಾಡಲು ಒಳಗೆ ಹೋದಳು.

ಅವನ ಅಮ್ಮನೂ ಹೀಗೇ ಅಂದಿದ್ದಳು. ಅಪ್ಪ ತೀರಿಕೊಂಡ ತಿಂಗಳಲ್ಲೇ ಅಂಗಿಗಳನ್ನೆಲ್ಲ ಕಂಡಕಂಡವರಿಗೆ ಕೊಟ್ಟು ಕೈತೊಳೆದುಕೊಂಡಳು. ಆಮೇಲೊಂದು ದಿನ ಯಾರದೋ ಮೈಮೇಲೆ ಅಪ್ಪನ ಗೆರೆಯಂಗಿ ಕಂಡು ನಡುಬೀದಿಯಲ್ಲೇ ಕುಸಿದು ಕೂತಳು. ಅವನದ್ದು ಮೊದಲೇ ಹೆಂಗರುಳು.

ಅವಳ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದ. ದನಿ ಅದರಲ್ಲಿರಲಿಲ್ಲ. ಹುಡುಕಿದ. ಬರೀ ತಮ್ಮ ಕಡತಗಳ ಫೋಲ್ಡರ್ ಉಳಿಸಿಕೊಳ್ಳುವವರ ಕೈಗೆ ಎಂದೂ ಸಿಗದ ಜಾಗದಲ್ಲಿ, ಯಂತ್ರದ ಜೊತೆಗೇ ಎದ್ದು ಕೂರುವ ಪುಟ್ಟ ಪ್ರೋಗ್ರಾಂ ಒಂದು ಅಡಗಿತ್ತು. ಒಳಗೇನಿದೆ ಎಂದು ಬಿಚ್ಚಿ ನೋಡಲಿಲ್ಲ. ಗಂಡ ಹೆಂಡತಿಯ ಗುಟ್ಟು ತನಗೇಕೆ? ಹಾಗೇ ಎತ್ತಿಟ್ಟುಕೊಂಡ.

ಹಳೆಯದನ್ನೆಲ್ಲ ಅಳಿಸಿದ. ಹೊಸ ಲಿನಕ್ಸ್ ಕೂತಿತು. ಅವಳ ಫೋಲ್ಡರ್ ವಾಪಸ್ಸು ಹಾಕಿದ. ಆ ಪ್ರೋಗ್ರಾಮನ್ನೂ ಅದರ ಜಾಗದಲ್ಲೇ ಇಟ್ಟ. ಒಂದೆರಡು ಅಪ್‌ಡೇಟ್ ಬಾಕಿಯಿತ್ತು. ಎರಡು ನಿಮಿಷಕ್ಕೇನಾಗುತ್ತದೆ ಎಂದು ನೆಟ್ ವೈರು ಚುಚ್ಚಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದ.

"ಬಂದ್ಯಾ?"

ಒಳಗೆ ಲೋಟ ಬಿದ್ದು ಒಡೆಯಿತು. ಬಾಗಿಲಿಗೆ ಬಂದು ನಿಂತವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಳಿಸಿ ಅಂದಿದ್ನಲ್ಲ!"

"ಬೈಬೇಡಿ ಅಕ್ಕಾ. ಹೋದವರ ದನಿ... ಕಳ್ಕೊಂಡ್ರೆ ಮತ್ತೆ ಸಿಗಲ್ಲ."

"ಯಾರು ಹೋದವರು?" ಅವಳು ಪಿಸುಗುಟ್ಟಿದಳು. "ಮನೆ ಬಿಟ್ಟು ಓಡಿಬಂದವಳು ನಾನು."

ಅವನು ವೈರಿನತ್ತ ಕೈಚಾಚುವಷ್ಟರಲ್ಲಿ ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಅಲ್ಲೇ ಇರು. ಬಂದೆ."